ಈ ಚಿತ್ರ ತೆಗೆದವಳು ನಂದಾ

ಬಬಲೇಶ್ವರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಡಿಜಿಟಲ್ ಕಲಾ ಉತ್ಸವವನ್ನು ನಂದಾ ಮೂರು ಬಾರಿ ಕೊನೆಯ ಸಾಲಿನಲ್ಲಿ ಕೂತು ನೋಡಿದ್ದಳು. ನಾಲ್ಕನೆಯ ವರ್ಷ ತಾನೇ ಸ್ಪರ್ಧೆಗೆ ಇಳಿದಳು.

ಏಳು ತಿಂಗಳ ಕೆಲಸ. ಬಸ್ ನಿಲ್ದಾಣದ ಎದುರಿನ ತನ್ನ ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಮೊಬೈಲಿನ ಮೇಲೆ ಬೆರಳಿನಿಂದಲೇ ಒಂದೊಂದಾಗಿ ಸಾವಿರದ ಎಂಟುನೂರು ಚಿತ್ರ ಬಿಡಿಸಿ, ಜೋಡಿಸಿ, ಮೂರು ನಿಮಿಷ ಓಡುವ ಚಿತ್ರ ಮಾಡಿದ್ದಳು. ಸಂತೆಯ ಬಳೆಗಾರ್ತಿ ಜುಲೇಖಾ ಒಬ್ಬ ಮದುಮಗಳಿಗೆ ಬಳೆ ಇಡಿಸುತ್ತಾಳೆ, ಅಷ್ಟೇ. ಅಂಗೈ ಒತ್ತುವುದು, ಬಳೆ ಗೆಣ್ಣಿನ ಹತ್ತಿರ ತಡೆಯುವುದು, ಹುಡುಗಿ ಹಲ್ಲು ಕಚ್ಚುವುದು, ಆಮೇಲೆ ಸರ್ರನೆ ಮಣಿಕಟ್ಟಿಗೆ ಇಳಿಯುವುದು.

ಸಮುದಾಯ ಭವನದ ಪರದೆಯ ಮೇಲೆ ಅದು ಮುಗಿದಾಗ ಹೆಣ್ಣುಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ವಿಜಯಪುರದ ಗಾಂಧಿ ಚೌಕದಲ್ಲಿ ಜಾಹೀರಾತು ಕಚೇರಿ ಇಟ್ಟಿದ್ದ ತೀರ್ಪುಗಾರ ಧೀರೇಂದ್ರ ಮಾತ್ರ ಮೈಕ್ ಎಳೆದುಕೊಂಡ.

“ಇದು ಕೈಲೆ ತೆಗೆದದ್ದಲ್ಲ. ಎಐಗೆ ಹೇಳಿ ಮಾಡಿಸ್ಯಾರ. ಝೆರಾಕ್ಸ್ ಅಂಗಡ್ಯಾಗ ಕೂತವರಿಗೆ ಇಂಥಾ ಕೆಲಸ ಆಗೂದಲ್ಲ.”

ನಂದಾ ವೇದಿಕೆ ಹತ್ತಿ ಮೊಬೈಲ್ ಮುಂದೆ ಹಿಡಿದಳು. “ಒಂದೊಂದ ಗೆರಿನೂ ಇದರಾಗ ಐತ್ರಿ ಸರ್. ಅಳಿಸಿದ್ದು, ತಿದ್ದಿದ್ದು, ತಾರೀಖ ಸಮೇತ. ನೋಡ್ರಿ.”

“ಅಷ್ಟ ಟೈಮ್ ಇಲ್ಲವಾ. ಖರೇ ಇದ್ರ ಇಲ್ಲೇ ಒಂದು ತೆಗೆದು ತೋರಸು.”

ತೆಗೆಯಲು ಅವಳಿಗೇನು ಕಷ್ಟ? ಆದರೆ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಇನ್ನೊಬ್ಬ ಸ್ಪರ್ಧಿ ಹೇಮಂತ ಕಣ್ಣಿಗೆ ಬಿದ್ದ. ಗೋಳಗುಮ್ಮಟ ರೆಕ್ಕೆ ಬಿಚ್ಚಿ ಹಾರುವ ಅವನ ಚಿತ್ರವನ್ನು ಧೀರೇಂದ್ರ ಬಾಯಿ ತುಂಬ ಹೊಗಳಿದ್ದ. ಅದನ್ನು ಹೇಗೆ ಮಾಡಿದೆ ಎಂದು ಒಬ್ಬರೂ ಕೇಳಿರಲಿಲ್ಲ.

“ತೆಗೀತೇನ್ರಿ. ಸ್ಪರ್ಧಾಕ್ಕ ಬಂದ ಹನ್ನೊಂದೂ ಮಂದಿನ ಕರೀರಿ, ಎಲ್ಲಾರೂ ತೆಗೀಲಿ. ನಾ ಒಬ್ಬಾಕೇ ಯಾಕ ಪರೀಕ್ಷಾ ಕೊಡ್ಲಿ?”

ಹೇಮಂತ ಕಾಲು ಇಳಿಸಿ ಮೊಬೈಲ್ ನೋಡತೊಡಗಿದ.

ಹಿಂದಿನಿಂದ ಜುಲೇಖಾ ಎದ್ದು ನಿಂತಳು. “ಸಾಹೇಬ್ರ, ನನ್ನ ಹೆಬ್ಬೆಟ್ಟ ನೋಡ್ರಿ. ಗಾಜ ಹೊಕ್ಕು ಸೊಟ್ಟ ಆಗೇತಿ. ಚಿತ್ರದಾಗೂ ಹಂಗ ಐತಿ. ಪ್ರತಿ ಸಂತಿಗೂ ನನ್ನ ಮುಂದ ಕುಂತ ತೆಗದಾಳ ಈಕಿ. ಸುಳ್ಳೇನು?”

“ಎಐಗೆ ನಿನ್ನ ಫೋಟೋ ಹಾಕಿದ್ರ ಅದೂ ಬರ್ತದ ಬಿಡವಾ,” ಎಂದು ಧೀರೇಂದ್ರ ನಕ್ಕ. ವೇದಿಕೆಯ ಮೇಲಿದ್ದವರೂ ನಕ್ಕರು.

ನಂದಾಳ ಚಿತ್ರವನ್ನು ಸ್ಪರ್ಧೆಯಿಂದ ಕೈಬಿಟ್ಟರು. ಬಹುಮಾನ ಹೇಮಂತನಿಗೆ ಹೋಯಿತು. ತನ್ನ ಕೈಗೆ ಬಂದ ಪ್ರಮಾಣಪತ್ರವನ್ನು ನಂದಾ ಮೇಜಿನ ಮೇಲಿಟ್ಟಳು. “ಭಾಗವಹಿಸ್ಯಾರ ಅಂತ ಬರದೀರಿ. ಸುಳ್ಳಿ ಅಂತ ಹೊರಗ ಹಾಕೀರಿ. ಹಂಗಂತ ಬರದ ಕೊಡ್ರಿ.”

ಯಾರೂ ಬರೆದುಕೊಡಲಿಲ್ಲ.

ಮುಂದಿನ ಸಂತೆಯ ದಿನ ಅವಳು ಅಂಗಡಿಯ ಕಂಪ್ಯೂಟರನ್ನು ರಸ್ತೆಯತ್ತ ತಿರುಗಿಸಿಟ್ಟಳು. ಬರೀ ಚಿತ್ರವಲ್ಲ, ಗೆರೆ ಎಳೆದದ್ದು, ಕೆಟ್ಟದ್ದು, ಅಳಿಸಿದ್ದು ಎಲ್ಲವೂ ಓಡಿತು. ಕಾಯಿಪಲ್ಲೆ ಚೀಲ ಹಿಡಿದವರು ನಿಂತರು. ಜೀಪು ಹಿಡಿಯಲು ಓಡುತ್ತಿದ್ದವರೂ ನಿಂತರು. ಮಧ್ಯಾಹ್ನದ ಹೊತ್ತಿಗೆ ಉತ್ಸವ ಸಮಿತಿಯ ಅಧ್ಯಕ್ಷ, ಅರಿವೆ ಅಂಗಡಿಯ ಸಂಗಣ್ಣ ಬಂದ.

“ಊರ ಮರ್ಯಾದಿ ಕಳೀಬ್ಯಾಡ ತಂಗಿ. ಮುಂದಿನ ವರ್ಷ ನಿನಗ ಏನರೆ ಮಾಡೂಣು.”

“ಮರ್ಯಾದಿ ಅವತ್ತ ಹೋತಲ್ರಿ ಅಣ್ಣಾರ. ನೀವು ಅಲ್ಲೇ ಹಾರ ಹಾಕ್ಕೊಂಡು ಕುಂತಿದ್ರಿ. ಒಂದ ಮಾತ ಆಡಲಿಲ್ಲ.”

ಅವನೆದುರೇ ಅವಳು ಎರಡು ಸಾಲಿನ ಪತ್ರ ಟೈಪ್ ಮಾಡಿದಳು: ಎಲ್ಲ ಸ್ಪರ್ಧಿಗಳೂ ಕೆಲಸದ ಹಂತಗಳನ್ನು ತೋರಿಸಬೇಕು, ತೀರ್ಪುಗಾರರು ತನ್ನ ಕ್ಷಮೆ ಕೇಳಬೇಕು. ಎರಡು ಪ್ರತಿ ತೆಗೆದು, “ಒಂದಕ್ಕ ಸಹಿ ಹಾಕ್ರಿ, ಮುಟ್ಟೇತಿ ಅಂತ,” ಎಂದಳು. ಸುತ್ತ ನೆರೆದಿದ್ದ ಮಂದಿಯನ್ನು ನೋಡಿ ಸಂಗಣ್ಣ ಸಹಿ ಹಾಕಿದ.

ಇಪ್ಪತ್ತು ದಿನಗಳ ನಂತರ ಉತ್ಸವದ ವಾಟ್ಸಾಪ್ ಗುಂಪಿನಲ್ಲಿ ಹೊಸ ನಿಯಮ ಬಂತು. ಅವಳು ಬರೆದ ಮೊದಲ ಸಾಲೇ, ಅಕ್ಷರ ಕೂಡ ಬದಲಾಗಿರಲಿಲ್ಲ. ಅವಳ ಹೆಸರಿರಲಿಲ್ಲ, ಕ್ಷಮೆಯೂ ಇರಲಿಲ್ಲ.

‘ಎರಡನೇ ಸಾಲು ಎಲ್ಲೈತ್ರಿ?’ ಎಂದು ನಂದಾ ಕೆಳಗೆ ಬರೆದಳು. ಇನ್ನೂರು ಮಂದಿ ಓದಿದರು, ಒಬ್ಬರೂ ಉತ್ತರಿಸಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವಳು, ಕಸ ಹೊಡೆಯುವ ಮೊದಲು ಮತ್ತೆ ಅದನ್ನೇ ಕೇಳಿದಳು.