ಮೂರು ಗಂಟೆಯ ದೂರ

ಮೋಡವೋ ಆಲೆಮನೆಯ ಹೊಗೆಯೋ, ಇಷ್ಟು ಬೆಳ್ಳಗೆ ಹೊಗೆ ಎಲ್ಲಿ ಬರುತ್ತದೆ, ಮೋಡವೇ ಇರಬೇಕು, ಕೆಂಪಸಿದ್ದಯ್ಯ ವಿಮಾನದ ಕಿಟಕಿಗೆ ಹಣೆಯಾನಿಸಿ ಕೂತಿದ್ದಾನೆ, ಗಾಜು ತಣ್ಣಗಿದೆ, ಪಕ್ಕದಲ್ಲಿ ಹೆಂಡತಿ ಚಲುವಮ್ಮ, ಇಬ್ಬರಿಗೂ ಮೊದಲ ಹಾರಾಟ, ಆದರೂ ಅವಳು ಮದ್ದೂರಿನ ಬಸ್ಸು ಹತ್ತಿದವಳಂತೆ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ, ಇವಳಿಗೆ ಹೆದರಿಕೆ ಅನ್ನುವುದೇ ಇಲ್ಲ, ಮಗಳು ಮನೆ ಬಿಟ್ಟ ಅವತ್ತೂ ಇರಲಿಲ್ಲ — ಗುವಾಹಟಿಗೆ ಮೂರೇ ಗಂಟೆ ಕಣಪ್ಪ ಅಂದಿದ್ದಳು ಮಗಳು ವನಜಾ ಫೋನಿನಲ್ಲಿ, ಎರಡು ಸಾವಿರ ಚಿಲ್ಲರೆ ಕಿಲೋಮೀಟ್ರು, ಆದ್ರೂ ಮೂರೇ ಗಂಟೆ, ಉಂಡು ಕೂತ್ರೆ ಕಾಪಿ ವೊತ್ಗೆ ಬಂದ್ಬುಡ್ತೀರ. ಮದ್ದೂರು ಕಡೆಯ ತಮ್ಮೂರು ಕೊಪ್ಪದಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತಲ್ಲ, ನಗು ಬರುತ್ತದೆ, ನಗು ಬಂದದ್ದಕ್ಕೆ ನಾಚಿಕೆಯೂ ಬರುತ್ತದೆ. ಆರು ವರ್ಷದ ಹಿಂದೆ ವನಜಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದ್ದಳು, ಬೆಂಗಳೂರಿನ ಆಸ್ಪತ್ರೆಯಲ್ಲಿ ತನ್ನ ಜೊತೆಗೇ ನರ್ಸು ಕೆಲಸದಲ್ಲಿರುವ ಹುಡುಗ, ಅಸ್ಸಾಮಿನವನು, ಮದುವೆಯಾಗಿ ಅವನ ಊರಿಗೇ ಹೋಗುತ್ತೇನೆ ಎಂದು, ಹಾಲು ಕರೆಯುತ್ತಿದ್ದ ಕೆಂಪಸಿದ್ದಯ್ಯ ತಲೆಯೆತ್ತಲಿಲ್ಲ, ಅದು ಭೂಮಿ ಅಂಚು ಕಣವ್ವ, ರೈಲಲ್ಲಿ ಮೂರು ದಿನ, ನಿಂಗೊಂದು ಜರ ಬಂದ್ರೆ ನಾನೆಂಗ್ ಬರ್ಲಿ. ದೂರ ಅಂದದ್ದು ಬರೀ ನೆವ, ಹಲಗೂರಿನ ನೆಂಟರು ಏನಂದಾರು ಅನ್ನುವುದೇ ಹೊಟ್ಟೆಯೊಳಗಿದ್ದದ್ದು, ಅದನ್ನು ಬಾಯಿಬಿಟ್ಟು ಹೇಳಲಾಗದೆ ದಾರಿಯನ್ನು ಅಡ್ಡ ಇಟ್ಟ, ಮಗಳು ಹೋದಳು, ಇವನು ಮಾತು ಬಿಟ್ಟ. ಮಾತು ಬಿಟ್ಟರೂ ಕಿವಿ ಬಿಡುತ್ತದೆಯೇ, ಚಲುವಮ್ಮ ಜಗಲಿಯಲ್ಲಿ ಕೂತು ಬೇಕೆಂದೇ ಜೋರಾಗಿ ಫೋನು ಮಾಡುತ್ತಾಳೆ, ಅಲ್ಲಿ ಇನ್ನೂ ಮಳೆಯಂತೆ, ಅಳಿಯ ಮುದ್ದೆ ಕಟ್ಟುವುದು ಕಲಿತನಂತೆ, ಕಟ್ಟಿದ್ದು ಗಂಜಿಯಾಯಿತಂತೆ, ಕೊಟ್ಟಿಗೆಯಲ್ಲಿ ಇವನು ಎಮ್ಮೆಯ ಬೆನ್ನಿಗೆ ಮುಖ ಒತ್ತಿ ನಗುತ್ತಾನೆ. ಹೋದ ತಿಂಗಳು ಅದೇನಾಯಿತೋ, ಯಾರಿಗೂ ಕಾಯಿಲೆಯಿಲ್ಲ ಕಸಾಲೆಯಿಲ್ಲ, ಹಾಲು ಡೈರಿಗೆ ಹಾಕಿ ಬಂದವನು ಸುಮ್ಮನೆ ಚಲುವಮ್ಮನ ಕೈಯಿಂದ ಫೋನು ಇಸಿದುಕೊಂಡು ಏನವ್ವ ಅಂದ, ಆ ಕಡೆಯಿಂದ ಮಗಳ ಸಣ್ಣ ದನಿ, ಅಪ್ಪ, ಟಿಕೇಟು ಮಾಡ್ಲಾ.

ಚಲುವಮ್ಮ ಕಣ್ಣುಜ್ಜಿಕೊಂಡು ಏಳುತ್ತಾಳೆ, ಬಂತಾ, ಇಷ್ಟೇಯಾ ಅನ್ನುತ್ತಾಳೆ, ಇಷ್ಟೇ ಕಣಮ್ಮಿ ಅಂದವನು ಮತ್ತೆ ಕಿಟಕಿಗೆ ತಿರುಗುತ್ತಾನೆ, ಇಷ್ಟಕ್ಕೆ ಆರು ವರ್ಷ — ಕೆಳಗೆ ಹೊಳೆ, ಹೊಳೆಯೋ ಸಮುದ್ರವೋ, ಎದುರು ದಡ ಎಷ್ಟೋ ದೂರ, ಆಚೀಚೆ ಭತ್ತದ ಬಯಲು, ಹಸಿರು ಮಾತ್ರ ನಮ್ಮ ಕಡೆಯದೇ, ಗಾಲಿ ನೆಲಕ್ಕೆ ತಾಗುತ್ತದೆ, ಏನು ಹೇಳಬೇಕು ಮೊದಲು, ಚೆನ್ನಾಗಿದ್ದೀಯ ಅನ್ನಲೇ, ಸಣ್ಣಗಾಗಿದ್ದೀಯ ಅನ್ನಲೇ, ಬಾಗಿಲು ದಾಟಿದರೆ ಜನವೋ ಜನ, ಆ ಜನದೊಳಗಿಂದ ಓಡಿ ಬರುತ್ತಿದ್ದಾಳೆ ವನಜಾ, ಓಡುವ ರಭಸಕ್ಕೆ ಒಂದು ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು, ತಿರುಗಿಯೂ ನೋಡದೆ ಬಂದು ಅವ್ವನ ಕೊರಳಿಗೆ ಬಿದ್ದಳು, ಅವಳ ಭುಜದ ಮೇಲಿಂದ ಇವನನ್ನು ನೋಡಿ ಹಾಗೇ ನಿಂತಳು, ಹಿಂದೆ ಅಳಿಯ, ಕೈಮುಗಿಯಬೇಕೋ ಕಾಲು ಮುಟ್ಟಬೇಕೋ ತಿಳಿಯದೆ ನಗುತ್ತಿದ್ದಾನೆ, ಕೆಂಪಸಿದ್ದಯ್ಯ ಅವರನ್ನು ದಾಟಿ ಹೋಗಿ ಬಗ್ಗಿ ಆ ಚಪ್ಪಲಿ ಎತ್ತಿಕೊಂಡ, ಅಪ್ಪ, ಬುಡಪ್ಪ, ನೀನ್ ಮುಟ್ಬ್ಯಾಡ ಅಂದಳು ವನಜಾ, ಸುಮ್ಕಿರು ಮಗ, ಕಾಲಾಕು ಅನ್ನುತ್ತ ಅವಳ ಮುಂದಿಟ್ಟ, ನೀಲಿ ಪಟ್ಟಿಯ ಚಪ್ಪಲಿ, ಒಳಗೆ ಹೆಬ್ಬೆರಳು ಒತ್ತಿದ ಗುಳಿ, ಅವಳಿನ್ನೂ ಕಾಲು ಹಾಕಿಲ್ಲ, ನೀಲಿ ಪಟ್ಟಿ, ಆ ಗುಳಿ, ಅವಳ ಹೆಬ್ಬೆರಳು ಅದರಲ್ಲಿ ಕೂರಲಿ ಎಂದು ಇವನು ಬಗ್ಗಿಯೇ ಕಾಯುತ್ತಿದ್ದಾನೆ —