ಸಿಂಬಿಯ ಮೇಲೆ ಹೀಟರು

ಕರೆಂಟಿಗೆ ಕಲ್ಮೇಶ ಹೆದರಬೇಕಾದಷ್ಟು ಹೆದರಿದ್ದ. ಹೀಟರಿನ ಲೈನಿನ ಬ್ರೇಕರಷ್ಟೇ ಆಫ್ ಮಾಡಿ, ಯಾರೂ ಮುಟ್ಟದಂತೆ ಮೇಲೆ ಟೇಪು ಅಂಟಿಸಿ, ವೈರಿಗೆ ಟೆಸ್ಟರ್ ಹಿಡಿದು ಮೂರು ಸಲ ನೋಡಿದ್ದ. ಅವನು ಹೆದರದೆ ಬಿಟ್ಟದ್ದು ಗ್ಯಾರೇಜಿನ ಬಾಗಿಲೊಂದಕ್ಕೆ.

ಪರದೇಶದ ಸ್ನೊಕ್ವಾಲ್ಮಿ ಊರಿನ ಆ ಮನೆಯಲ್ಲಿ ಗ್ಯಾರೇಜೆಂದರೆ ಅರ್ಧ ಅಡುಗೆಮನೆ. ಒಳಗೆ ರೊಟ್ಟಿ ಸುಟ್ಟರೆ ಸ್ಮೋಕ್ ಅಲಾರಂ ಓಣಿಗೆಲ್ಲ ಕೇಳುವಂತೆ ಬಾಯಿ ಮಾಡುತ್ತದೆಂದು ಅವನ ತಾಯಿ ಬಸವಣ್ಣೆವ್ವ ಒಲೆ, ಹಂಚು, ಜೋಳದ ಹಿಟ್ಟಿನ ಡಬ್ಬಿ ಎಲ್ಲವನ್ನೂ ಅಲ್ಲಿಗೇ ಸಾಗಿಸಿದ್ದಳು. ನವೆಂಬರಿನ ಥಂಡಿಗೆ ಬೆರಳು ಸೆಟೆದು ರೊಟ್ಟಿಯ ಅಂಚು ಹರಿಯತೊಡಗಿದಾಗ, "ರೊಟ್ಟಿ ಹರದ್ರ ಹರೀಲಿ, ನನ್ನ ಕೈಯ ಮುರದ ಬೀಳ್ತಾವೇನೋ" ಎಂದು ನಕ್ಕಳು. ಕಲ್ಮೇಶ ಅಂದೇ ಚಾವಣಿಗೆ ತೂಗುಹಾಕುವ ಹೀಟರು ತರಿಸಿದ.

ಹಿಡಿದುಕೊಳ್ಳಲು ಕೆನ್ಮೋರಿನ ಗೆಳೆಯ ಸಂದೀಪ್ ಬರುವವನಿದ್ದ. "ಗುರೂ, ಒಬ್ನೇ ಹೀರೋಗಿರಿ ಮಾಡೋಕ್ ಹೋಗ್ಬೇಡ. ಸಂಡೇ ಬರ್ತೀನಿ, ಉಪ್ಪಿಟ್ಟು ರೆಡಿ ಇರ್ಲಿ" ಎಂದಿದ್ದ. ಆದರೆ ಶನಿವಾರವೇ ಅಮಾವಾಸ್ಯೆ.

"ನಾಳೆ ಅಮಾಸಿ, ಗಾಡಿಗೆ ಕಾಯಿ ಒಡಿತೀವಿ. ಅದಕ್ಕೂ ಒಂದ ಒಡದಬಿಟ್ರ ಆತು," ಎಂದಳು ಬಸವಣ್ಣೆವ್ವ. "ಡಬ್ಬ್ಯಾಗ ಕುಂತ ಮಷೀನಿಗೆ ಯಾರರ ಕಾಯಿ ಒಡಿತಾರೇನು?"

ಹಾಗಾಗಿ ಶುಕ್ರವಾರ ಸಂಜೆ ತಾಯಿ ಲಿಂಗಪೂಜೆಗೆ ಕೂತದ್ದೇ ತಡ, ಸದ್ದು ಕೇಳಿ ಬೈಯದಿರಲೆಂದು ಕಲ್ಮೇಶ ನಡುವಿನ ಬಾಗಿಲು ಮುಚ್ಚಿ ಕೆಲಸಕ್ಕಿಳಿದ. ಹದಿಮೂರು ಕಿಲೋ ಹೀಟರನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರೆ ಬೋಲ್ಟು ತಿರುಗಿಸಲು ಮೂರನೆಯ ಕೈ ಎಲ್ಲಿಂದ ಬರಬೇಕು? ಹೊಳೆಯಿತು. ಸಣ್ಣವನಿದ್ದಾಗ ಅವ್ವ ಕೊಡದ ಮೇಲೆ ಕೊಡ ಹೊತ್ತು ಕೆರೆಯಿಂದ ಕೈಬೀಸಿಕೊಂಡು ಬರುತ್ತಿದ್ದಳಲ್ಲ! ಟವೆಲು ಸುತ್ತಿ ಸಿಂಬಿ ಮಾಡಿ, ತಲೆಯ ಮೇಲಿಟ್ಟು, ಅದರ ಮೇಲೆ ಹೀಟರು ಹೊತ್ತು ಏಣಿ ಏರಿದ.

ಎಡಗಡೆಯ ಬೋಲ್ಟು ಎರಡು ಸುತ್ತು ಹಿಡಿಯಿತು. ಬಲಗಡೆಗೆ ಹೊರಳಿದ ಅಷ್ಟೇ, ಏಣಿಯ ಒಂದು ಕಾಲು ಸರ್ರನೆ ಜಾರಿತು. ನೆಲದ ಮೇಲೆ ಜೋಳದ ಹಿಟ್ಟು! ಎಷ್ಟು ಗುಡಿಸಿದರೂ ಹೋಗದ ಹಿಟ್ಟು. ಗೇಣುದ್ದ ಜಾರಿದ ಏಣಿ ಪಕ್ಕದಲ್ಲಿದ್ದ ಫ್ರೀಜರಿಗೆ ಆತು ವಾಲಿ ನಿಂತಿತು. ಕೈಯಲ್ಲಿದ್ದ ಬೋಲ್ಟು ಟಣ್ಣೆಂದು ಬಿದ್ದು ಎಲ್ಲೋ ಉರುಳಿಹೋಯಿತು.

ಈಗ ಒಂದು ಮೆಟ್ಟಿಲು ಇಳಿದರೂ ಆ ಎರಡು ಸುತ್ತಿನ ಬೋಲ್ಟು ಕಿತ್ತು, ಹೀಟರು ಏಣಿಯ ಸಮೇತ ಅವನನ್ನು ಕೆಡವುತ್ತದೆ. "ಯವ್ವಾ!" ಎಂದು ಕೂಗಿದ. ಅಂಗೈಯಲ್ಲಿ ಲಿಂಗವಿದ್ದಾಗ ಸೂರೇ ಕಳಚಿಬಿದ್ದರೂ ಏಳುವವಳಲ್ಲ ಅವಳು. ಬಾಗಿಲು ಮುಚ್ಚಿದವನೂ ತಾನೇ. ಇರಲಿ, ಪೂಜೆ ಮುಗಿಯುವವರೆಗೆ ಇನ್ನೊಂದು ಹತ್ತು ನಿಮಿಷ ಹೀಗೇ ನಿಂತರಾಯಿತು ಎಂದುಕೊಂಡ.

ಆಗ ಫ್ರೀಜರಿನ ಮೇಲಿದ್ದ ಫೋನಿನಲ್ಲಿ ಮೆಸೇಜೊಂದು ಬೆಳಗಿತು. ಹೆಂಡತಿ ವೈಶಾಲಿ, ಫ್ರೀಮಾಂಟಿನ ಆಫೀಸಿನಿಂದ ಬರುತ್ತಿದ್ದಾಳೆ. "ಎಕ್ಸಿಟ್ ತಗೊಂಡೆ. ಮಳಿ ಜೋರೈತಿ. ಚಾ ಇಡ್ರಿ."

ಮಳೆಯಿದ್ದರೆ ಅವಳು ಎರಡು ಮನೆ ಆಚೆಯಿಂದಲೇ ರಿಮೋಟು ಒತ್ತಿ, ತೆರೆದ ಬಾಗಿಲಿನಲ್ಲಿ ಸೀದಾ ಕಾರು ನುಗ್ಗಿಸುತ್ತಾಳೆ. ಕಲ್ಮೇಶ ಕಣ್ಣಷ್ಟೇ ಹೊರಳಿಸಿ ನೋಡಿದ. ಬಾಗಿಲು ಮೇಲೇರಿ ಮಲಗುವ ಹಳಿಗಳು ಅವನ ಎರಡೂ ಪಕ್ಕದಲ್ಲಿ, ಸರಿಯಾಗಿ ಕುತ್ತಿಗೆಯ ಎತ್ತರಕ್ಕೆ ಹಾದುಹೋಗಿದ್ದವು. ಹೀಟರಿನ ಜಾಗವನ್ನು ಅಳತೆ ಹಿಡಿದು ಬಾಗಿಲಿನ ದಾರಿಯಿಂದ ಆಚೆಗೇ ಗೊತ್ತು ಮಾಡಿದ್ದ. ಆಚೆ ಒಲೆಯಿದ್ದುದರಿಂದ ಏಣಿಯನ್ನು ಮಾತ್ರ ಈಚೆ, ದಾರಿಯ ಕೊನೆಯಲ್ಲೇ ಹಾಕಿದ್ದ. ಇಳಿಯುವಾಗ ಅಡ್ಡ ಬಂದವರನ್ನು ಕಂಡು ನಿಲ್ಲುವ ಕಣ್ಣು ಆ ಬಾಗಿಲಿಗಿತ್ತು. ಏರುವಾಗ ಅದು ಕುರುಡು.

ಹೈವೇಯ ಎಕ್ಸಿಟ್ಟಿನಿಂದ ಮನೆಗೆ ಆರು ನಿಮಿಷ.

ಬಾಗಿಲಿನ ಮೋಟಾರಿನ ಪ್ಲಗ್ಗು ಚಾವಣಿಯಲ್ಲೇ ಇತ್ತು, ಎಡಕ್ಕೆ, ಒಂದು ಮೊಳ ಒಂದು ಗೇಣು ದೂರ. ಮುಟ್ಟಬೇಕೆಂದರೆ ಒಂದು ಕೈ ಏಣಿಗೆ, ಒಂದು ಕೈ ಪ್ಲಗ್ಗಿಗೆ. ಹೀಟರಿಗೆ ಕೈಯೇ ಇಲ್ಲ. ಮೀನಖಂಡ ನಡುಗಿ ಏಣಿ ಕಟಕಟ ಎನ್ನತೊಡಗಿತು. ನಿಲ್ಲು ಎಂದರೆ ಕಾಲು ಕೇಳಬೇಕಲ್ಲ!

ಕೆರೆಯ ದಂಡೆಯಲ್ಲಿ ಅವ್ವ ಅಕ್ಕನಿಗೆ ಕೊಡ ಹೊರಲು ಕಲಿಸುತ್ತಿದ್ದ ಮಾತು ಕಿವಿಯೊಳಗೆ ಬಂತು. "ಕೊಡಾ ನೋಡಬ್ಯಾಡ, ದಾರಿ ನೋಡು. ಕುತ್ತಿಗಿ ಗಟ್ಟಿ ಮಾಡು, ಕೊಡಾ ತಾನ ಕುಂದರ್ತೈತಿ."

ಒಂದು ಕೈ ಬಿಟ್ಟ. ಹೀಟರು ಕಿರ್ರೆಂದಿತು. ಇನ್ನೊಂದನ್ನೂ ಬಿಟ್ಟ. ಇಡೀ ಭಾರ ನೆತ್ತಿಯಿಂದ ಬೆನ್ನಿಗಿಳಿಯಿತು. ಉಸಿರು ಬಿಗಿಹಿಡಿದು, ಕುತ್ತಿಗೆ ಕದಲಿಸದೆ ಎಡಗೈ ಚಾಚಿದ. ಬೆರಳ ತುದಿಗೆ ವೈರು ತಾಗಿತು, ಜಾರಿತು. ಹೊರಗೆ ಒದ್ದೆ ರಸ್ತೆಯ ಮೇಲೆ ಟಯರಿನ ಸದ್ದು.

ಕಟ್ ಎಂದು ಮೋಟಾರಿನ ದೀಪ ಹೊತ್ತಿತು.

ಬಾಗಿಲು ಜಗ್ಗಿತು. ಅದರ ಬುಡದಲ್ಲಿ ಬೆಳಕಿನ ಗೆರೆಯೊಂದು ಮೂಡಿ ಅಗಲವಾಯಿತು. ಮೇಲಿನ ಹಲಗೆ ಬಾಗಿ ಅವನತ್ತ ತಿರುಗಿತು. ಕಲ್ಮೇಶ ಹೇಗೋ ವೈರನ್ನು ಮುಷ್ಟಿಗೆ ಸುತ್ತಿಕೊಂಡು ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ.

ದೀಪ ಆರಿತು. ಬಾಗಿಲು ಮೊಳದೆತ್ತರಕ್ಕೆ ನಿಂತಿತು. ಸಂದಿಯಿಂದ ಕಾರಿನ ಬೆಳಕು ಹಿಟ್ಟಿನ ನೆಲದ ಮೇಲೆ ಬಿತ್ತು.

"ರೀ! ಏನಾತ್ರೀ ಈ ಬಾಗ್ಲಕ್ಕ? ಮ್ಯಾಲೇಳವಲ್ದು!" ಹೊರಗಿನಿಂದ ವೈಶಾಲಿಯ ದನಿ.

ನಡುವಿನ ಬಾಗಿಲು ತೆರೆದು ಬಸವಣ್ಣೆವ್ವ ಬಂದಳು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಯಾವ ಕೆರಿಗೆ ಹೊಂಟೀಯೋ ತಮ್ಮಾ?" ಎಂದು ನಗಲು ಹೊರಟವಳು ವಾಲಿದ ಏಣಿ ಕಂಡು ಬಾಯಿ ಮುಚ್ಚಿದಳು. ಓಡಿಬಂದು ಏಣಿಯನ್ನು ಎದೆಗವಚಿ ಹಿಡಿದಳು. "ಅಳ್ಳಾಡಬ್ಯಾಡ. ನಾ ಹಿಡದೀನಿ."

ಮುಂಬಾಗಿಲಿನಿಂದ ಸುತ್ತಿ ಬಂದ ವೈಶಾಲಿ ಫ್ರೀಜರಿನ ಮೇಲೆ ಹತ್ತಿ ಹೀಟರಿನ ಬುಡಕ್ಕೆ ಎರಡೂ ಕೈ ಕೊಟ್ಟಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಳಿ ನೋಡಿದಳು, ಅವನ ಕುತ್ತಿಗೆ ನೋಡಿದಳು, ಮುಷ್ಟಿಗೆ ಸುತ್ತಿದ ವೈರು ನೋಡಿದಳು.

"ನಾ ರಿಮೋಟ ಮೂರ ಸಲಾ ಒತ್ತಿದೆ," ಎಂದಳು. ಮತ್ತೆ, ತನಗೇ ಹೇಳಿಕೊಳ್ಳುವಂತೆ, "ಮೂರ ಸಲಾ."



"ಬಿಡ್ರಿ ಅದನ್ನ," ಎಂದಳು ಮೆಲ್ಲಗೆ. "ಬಂದ್ ಆಗೇತಿ, ಬಿಡ್ರಿ."

ಬಿಡಬೇಕೆಂದು ಕಲ್ಮೇಶನಿಗೂ ಇತ್ತು. ಮುಷ್ಟಿ ಬಿಚ್ಚಲಿಲ್ಲ.