ಗುಂಡಿಯ ಕರೆಂಟು

“ದೂರ ನಿಂತು ಬೊಗಳೇ ಮುಂಡೆ, ನಾತ ಮೂಗಿಗೆ ಹೊಡೀತಿದೆ!”

ಧಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಮೊಣಕೈವರೆಗೂ ಹೊಲಸು ಮೆತ್ತಿತ್ತು.

“ಒಂದೇ ಒಂದು ಕಂಬ, ಧಣಿ. ನೆಟ್ರೆ ನನ್ನ ಮನೆಗೂ ವೈರು ಮುಟ್ಟುತ್ತೆ. ಗುಂಡಿ ಕೆಲ್ಸ ಬಿಡಬೇಡ, ಕಂಬ ಹಾಕಿಸ್ತೀನಿ ಅಂತ ನೀವೇ ಅಂದಿದ್ರಿ, ನಮ್ಮನೆಯವರು ಸತ್ತಾಗ.”

“ಅಂದಿದ್ದೆ. ಗಂಡ ಇಲ್ಲ, ಮಕ್ಕಳಿಲ್ಲ, ಬಲ್ಬ್ ಹಾಕ್ಕೊಂಡು ಯಾರಿಗೆ ಮುಖ ತೋರಿಸ್ತೀಯೆ? ಊರ ಕರೆಂಟು ನೋಡೋಕೆ ಸಿಟಿ ಸಾಹೇಬ್ರು ಬರೋ ಹೊತ್ತು, ಹಿತ್ತಲ ಕಡೆ ಹೋಗು.”

ಜೊತೆಗಿದ್ದವರು ಹಲ್ಲು ಕಿರಿದರು. ಅವಳು ಬಕೆಟ್ ಎತ್ತಿಕೊಂಡಳು.

ಊರಿಗೆ ಕರೆಂಟು ಮೂರು ಕಡೆಯಿಂದ ಬರುತ್ತಿತ್ತು. ಗುಡ್ಡದ ಮೇಲೆ ಗಾಳಿಯಂತ್ರ, ಬಯಲಿನಲ್ಲಿ ಬಿಸಿಲು ಕುಡಿಯುವ ಹಲಗೆಗಳು, ಊರಾಚೆ ಗ್ಯಾಸಿನ ಗುಂಡಿ. ಬಿಸಿಲೂ ಗಾಳಿಯೂ ಕೈಕೊಟ್ಟರೆ ಗ್ಯಾಸಿನ ಎಂಜಿನ್ನೇ ಊರನ್ನು ಸಾಕಬೇಕು. ಆ ಎಂಜಿನ್ನಿನ ಹೊಟ್ಟೆ ತುಂಬಿಸುವವಳು ಇವಳು. ಊರಿನ ಕೊಟ್ಟಿಗೆಗಳ ಸಗಣಿ, ಕಕ್ಕಸುಗಳ ಹೊಲಸು, ಎಲ್ಲವನ್ನೂ ಹೊತ್ತು ತಂದು ಗುಂಡಿಗೆ ಸುರಿದು ಕಲಕಬೇಕು. ತಳ ಕೆರೆಯಲು ಇಳಿದ ಗಂಡ ಹಗ್ಗದಲ್ಲಿ ಹೆಣವಾಗಿ ಮೇಲೆ ಬಂದಿದ್ದ. ಹಗ್ಗ ಎಳೆದವರು ಅವನನ್ನು ಅಲ್ಲೇ ಕೆಡವಿ ಕೈ ತೊಳೆಯಲು ಓಡಿದ್ದರು.

ಅಂದಿನಿಂದ ಮನೆಯಲ್ಲಿ ಅವಳೊಬ್ಬಳೇ. ಸಂಜೆಯಾದರೆ ಸೀಮೆಎಣ್ಣೆ ಬುಡ್ಡಿ, ಗೋಡೆ, ಮೊಳೆಗೆ ನೇತುಹಾಕಿದ ಅವನ ಅಂಗಿ. ಒಮ್ಮೊಮ್ಮೆ ಮೂರು ದಿನವಾದರೂ ಒಂದು ಮಾತೂ ಆಡಿರುತ್ತಿರಲಿಲ್ಲ. ಒಂದು ಬಲ್ಬ್ ಇದ್ದರೆ ದಾರಿಹೋಕರಿಗಾದರೂ ಇಲ್ಲೊಂದು ಜೀವ ಇದೆ ಎಂದು ಗೊತ್ತಾದೀತು. ಅವಳಿಗೆ ಬೇಕಿದ್ದುದು ಅಷ್ಟೇ.

ಗುಂಡಿಯ ಕರೆಂಟು ತನ್ನ ಮನೆಯೊಳಗೆ ಬರಕೂಡದು ಎಂದು ಧಣಿ ಮೊದಲ ದಿನವೇ ತಾಕೀತು ಮಾಡಿದ್ದ. ಸಗಣಿ ಅವನ ಹಸುಗಳದೇ, ಹೊಲಸೂ ಅವನ ಮನೆಯದೇ. ಇವಳ ಕೈ ಸೋಕಿದ ಮೇಲೆ ಮಾತ್ರ ಮೈಲಿಗೆ. ಮೂರೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ ಎಂದು ಎಂಜಿನ್ ಮೇಸ್ತ್ರಿ ಹೇಳಿ ಹೇಳಿ ಸೋತ. ಕೊನೆಗೆ ಯಾವ ತಂತಿಗೂ ಸೇರದ ಮೂರು ಸ್ವಿಚ್ಚುಗಳ ಡಬ್ಬಿಯೊಂದನ್ನು ಗೋಡೆಗೆ ಬಡಿದು ಬಂದ. ಧಣಿ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಮೂರನೆಯದು, ಗುಂಡಿಯದು, ಆಫ್ ಆಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಮೇಲಿನ ಬೀದಿಯವರೆಲ್ಲ ತಮಗೂ ಅಂಥದೇ ಬೇಕೆಂದು ಹಾಕಿಸಿಕೊಂಡರು. ಮೇಸ್ತ್ರಿ ಇದನ್ನು ದೂರ ನಿಂತೇ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು.

ಆರು ದಿನದಿಂದ ಮೋಡ ಕವಿದಿತ್ತು. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಬ್ಯಾಟರಿಗಳು ಬರಿದಾಗಿ ಇಡೀ ಊರು ಗುಂಡಿಯ ಮೇಲೆ ನಿಂತಿತ್ತು. ಅವಳು ಹಿತ್ತಲಲ್ಲಿ ಸಗಣಿ ಬಾಚುವಾಗ ಕಿಟಕಿಯಿಂದ ಧಣಿಯ ದನಿ ಕೇಳಿಸಿತು.

“ನಮ್ಮನೇಲಿ ಬರೀ ಬಿಸ್ಲು, ಗಾಳಿ ಕರೆಂಟು ಸಾರ್. ಶುದ್ಧ.”

ಮೇಲೆ ಫ್ಯಾನು ತಿರುಗುತ್ತಿತ್ತು.

“ಆ ಕೊನೇ ಮನೆಗೆ ಲೈನೇ ಇಲ್ವಲ್ಲ?” ಸಾಹೇಬ ಕೇಳಿದ.

“ಗುಂಡಿಯವಳದು ಸಾರ್. ಅವಳೇ ಬೇಡ ಅಂದ್ಲು. ಆ ಜನಕ್ಕೆ ಕತ್ಲೇ ಹಿತ.”

ಸಾಹೇಬ ಏನೋ ಬರೆದುಕೊಂಡ.

ಅವಳು ಬಾಚುವುದನ್ನು ನಿಲ್ಲಿಸಿದಳು. ಬಕೆಟ್ಟನ್ನು ಅಲ್ಲೇ ಬಿಟ್ಟು ನೆಟ್ಟಗೆ ಗುಂಡಿಗೆ ನಡೆದಳು. ಹೊಲಸು ಮೆತ್ತಿದ ಕೈಯಲ್ಲೇ ಗ್ಯಾಸಿನ ಕೊಳವೆಯ ಚಕ್ರ ಹಿಡಿದು ಬಿಗಿಯಾಗುವವರೆಗೂ ತಿರುಗಿಸಿದಳು. ಎಂಜಿನ್ ಕೆಮ್ಮಿ ನಿಂತಿತು. ಅವಳು ಗುಂಡಿಯ ಕಟ್ಟೆಯ ಮೇಲೆ ಕೂತಳು.

ಧಣಿ ಓಡೋಡಿ ಬಂದ. ಹಿಂದೆ ಸಾಹೇಬ, ಮೇಸ್ತ್ರಿ, ಮೇಲಿನ ಬೀದಿಯ ಗಂಡಸರು.

“ಏನೇ ಮಾಡ್ದೆ, ಬೇವರ್ಸಿ? ತೆಗಿ! ಕರೆಂಟ್ ಹೋಯ್ತು!”

“ನಿಮ್ಮನೇದ್ಯಾಕೆ ಹೋಗುತ್ತೆ ಧಣಿ? ನಾನು ನಿಲ್ಸಿದ್ದು ಗುಂಡಿದು.”

ಸಾಹೇಬ ಧಣಿಯ ಮುಖ ನೋಡಿದ. ಧಣಿ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ನೆಲ ನೋಡಿದ.

“ಸೂಳೆಮಗನೆ, ಏನು ನೋಡ್ತೀಯ? ಆ ಚಕ್ರ ತಿರುಗ್ಸು!”

“ಎಂಜಿನ್ ಕೆಲ್ಸ ನಂದು ಧಣಿ. ಚಕ್ರಕ್ಕೆ ನಾನು ಕೈ ಹಾಕಲ್ಲ.”

“ತಿರುಗ್ಸೇ, ಕೊಂದ್‌ಹಾಕ್ತೀನಿ!”

“ಬನ್ನಿ. ನೀವೇ ತಿರುಗ್ಸಿ.” ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಅಂಗೈಯಗಲದ ಚಕ್ರ. ಅದರ ಮೇಲೆ ಅವಳ ಐದು ಬೆರಳುಗಳ ಗುರುತು ಹಸಿಹಸಿಯಾಗಿತ್ತು. ಯಾರು ಹಿಡಿದು ತಿರುಗಿಸಿದ್ದರೂ ತಿರುಗುತ್ತಿತ್ತು. ಧಣಿ ಕೈ ಚಾಚಿದ, ಹಿಂದಕ್ಕೆ ಎಳೆದುಕೊಂಡ. “ನೀನು ಹೋಗೋ”, “ನೀನೇ ಹೋಗು” ಎಂದು ಗಂಡಸರು ಒಬ್ಬರನ್ನೊಬ್ಬರು ನೂಕಿದರು. ಸಾಹೇಬ ಬೂಟು ನೋಡಿಕೊಂಡು ನಿಂತಿದ್ದ.

ಮಧ್ಯಾಹ್ನ ಕಳೆಯಿತು. ಯಾರೋ ದೊಣ್ಣೆ ತರಲು ಹೋದರು. ದೊಣ್ಣೆ ಬಂದರೆ ತನ್ನ ಗತಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಭಯವೂ ಆಯಿತು. ಪಕ್ಕದಲ್ಲಿ ಕೂರಲು ಒಬ್ಬರಾದರೂ ಇದ್ದಿದ್ದರೆ ಎನಿಸಿತು. ಯಾರೂ ಇರಲಿಲ್ಲ. ಅವಳು ಕಾಲು ನೀಡಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತಳು.